ಗೋಡೆಯ ಬ್ಲೇಡುಗಳು

ಪಕ್ಕದ ಮಂಚದಲ್ಲಿ, ತಂಡದವರು ಗೋಡೆ ಎಂದು ಕರೆಯುವವನು ಎದ್ದು ಕೂತು ತನ್ನ ಎಡ ಮೊಣಕಾಲನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ. ಸಾಣೆ ಎಚ್ಚರವಾಗಿಯೇ ಇದ್ದ, ಆದರೆ ಕಣ್ಣು ತೆರೆಯಲಿಲ್ಲ. ಕಣ್ಣು ತೆರೆದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ನಿನ್ನೆಯ ಆಟದ ವಿಷಯ ಬರುತ್ತದೆ, ಅದು ಬಂದರೆ ತಾನೂ ಏನಾದರೊಂದು ಹೇಳಬೇಕಾಗುತ್ತದೆ. ರೆಪ್ಪೆ ಅಲುಗದಂತೆ ಮಲಗುವುದು ಇಷ್ಟು ಕಷ್ಟದ ಕೆಲಸವೆಂದು ಐವತ್ನಾಲ್ಕನೆಯ ವಯಸ್ಸಿಗೆ ಅವನಿಗೆ ತಿಳಿಯಿತು. ಗೋಡೆ ಒತ್ತುವುದನ್ನು ನಿಲ್ಲಿಸಿ ಬಚ್ಚಲಿಗೆ ಹೋದ. ನಲ್ಲಿಯ ಸದ್ದು ಬಂತು. "ಎದ್ದಿದ್ದೀಯ ಅಂತ ಗೊತ್ತು ಸಾಣೆಯಣ್ಣ," ಎಂದ ಒಳಗಿನಿಂದಲೇ. "ನಿನ್ನ ಗೊರಕೆ ನಿಂತು ಅರ್ಧ ಗಂಟೆ ಆಯ್ತು."

ತಂಡದಲ್ಲಿ ಯಾರೂ ಯಾರನ್ನೂ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆಯುತ್ತಿರಲಿಲ್ಲ. ಸ್ಕೇಟುಗಳ ಬ್ಲೇಡಿಗೆ ಸಾಣೆ ಹಿಡಿಯುವವನು ಸಾಣೆ. ಹನ್ನೆರಡು ವರ್ಷದಿಂದ ಗೋಲು ಕಾಯುತ್ತಿದ್ದವನು ಗೋಡೆ. ದೇಶದ ಐಸ್ ಹಾಕಿ ತಂಡ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ, ಯಾವ ದರ್ಜೆ ಎಂದು ತಿಳಿದ ಮೇಲೆ ಹುಬ್ಬು ಇಳಿಸುತ್ತಾರೆ. ಕೆಳಗಿನಿಂದ ಎರಡನೆಯದು. ಆಡುವವರೆಲ್ಲ ಕೆಲಸಕ್ಕೆ ರಜೆ ಹಾಕಿ ಬಂದವರು: ಟೈರ್ ಅಂಗಡಿಯವನು, ಇಬ್ಬರು ಮೇಷ್ಟ್ರು, ಬ್ಯಾಂಕಿನ ಗುಮಾಸ್ತ, ಆಂಬುಲೆನ್ಸ್ ಓಡಿಸುವವನು. ಗೋಡೆ ಶಾಲೆಯ ಬಸ್ಸಿನ ಡ್ರೈವರು. ಸಾಣೆಗೆ ಊರಿನಲ್ಲಿ ಕತ್ತರಿ, ಚಾಕು ಹರಿತ ಮಾಡುವ ಒಂದೇ ಕೋಣೆಯ ಅಂಗಡಿ. ವರ್ಷಕ್ಕೊಮ್ಮೆ ಹತ್ತು ದಿನ ಬಾಗಿಲಿಗೆ ಚೀಟಿ ಅಂಟಿಸಿ ತಂಡದ ಜೊತೆ ಹೊರಡುತ್ತಿದ್ದ. ಅದೇ ದರ್ಜೆಯ ಆರು ದೇಶಗಳು ಯಾವುದೋ ಊರಿನಲ್ಲಿ ಸೇರುತ್ತಿದ್ದವು. ಮೊದಲು ಬಂದವರು ಒಂದು ಮೆಟ್ಟಿಲು ಮೇಲೆ, ಕೊನೆಗೆ ಬಂದವರು ಒಂದು ಮೆಟ್ಟಿಲು ಕೆಳಗೆ, ನಡುವಿನವರು ಇದ್ದಲ್ಲೇ. ಇವರು ಹನ್ನೆರಡು ವರ್ಷದಿಂದ ಇದ್ದಲ್ಲೇ ಇದ್ದರು. ನಿನ್ನೆ ಗೆದ್ದಿದ್ದರೆ ಮೇಲಿನ ಮೆಟ್ಟಿಲು ಸಿಗುತ್ತಿತ್ತು. ಮೂರು ಗೋಲು ಬಿಟ್ಟುಕೊಟ್ಟು ಸೋತರು. ಇವತ್ತಿನದು ಲೆಕ್ಕಕ್ಕಿಲ್ಲದ ಆಟ, ಮೂರನೆಯವರೋ ನಾಲ್ಕನೆಯವರೋ ಎಂದು ತೀರ್ಮಾನಿಸುವುದಕ್ಕೆ.

ಗೋಡೆ ಮುಖ ಒರೆಸಿಕೊಳ್ಳುತ್ತ ಬಂದು ಮಂಚದ ತುದಿಯಲ್ಲಿ ಕೂತ. "ನಿನ್ನೆ ಊಟ ಆದ್ಮೇಲೆ ಕೋಚ್‌ಗೆ ಹೇಳ್ಬಿಟ್ಟೆ. ಇವತ್ತಿಂದೇ ಕೊನೇದು."

"ಏನು ಕೊನೇದು?"

"ನನ್ನ ಆಟ. ಹಾಗಾದ್ರೆ ಇವತ್ತು ನೀನೇ ನಿಲ್ಲು, ಪೂರ್ತಿ ಆಡಿ ಮುಗಿಸು ಅಂದ್ರು. ಒಳ್ಳೆಯವರು." ಟವೆಲನ್ನು ನಾಲ್ಕಾಗಿ ಮಡಚಿದ, ಮತ್ತೆ ಬಿಚ್ಚಿದ. "ಕಾಲು ಹೋಯ್ತಣ್ಣ. ಕಣ್ಣಿಗೆ ಕಾಣುತ್ತೆ, ತಲೆ ಹೋಗು ಅನ್ನುತ್ತೆ, ಕಾಲು ಮಾತ್ರ ಇರು ಬರ್ತೀನಿ ಅನ್ನುತ್ತೆ. ಬಲಗಡೆ ಕಂಬಕ್ಕೆ ಹೋಗೋಕೇ ಆಗ್ಲಿಲ್ಲ ನಿನ್ನೆ. ಮೂರು ಸಲ. ಯಾರೋ ಕೆಳಗಿಂದ ಪಾದ ಹಿಡ್ಕೊಂಡ ಹಾಗೆ."

"ಒಂದೊಂದು ದಿನ ಹಾಗಾಗುತ್ತೆ," ಎಂದ ಸಾಣೆ ಚಾವಣಿ ನೋಡುತ್ತ.

"ಆಗುತ್ತೆ. ಎಲ್ಲರಿಗೂ ಒಂದು ದಿನ ಬರುತ್ತಂತೆ, ನನಗೆ ನಿನ್ನೆ ಬಂತು. ಮೂವತ್ತೊಂಬತ್ತು ಅಂದ್ರೆ ಕಡಿಮೆಯೇನಲ್ಲ ಬಿಡು." ನಗಲು ನೋಡಿದ. ಬರಲಿಲ್ಲ. ಅವನ ಕಣ್ಣು ಕೆಂಪಗಿತ್ತು. ಬಚ್ಚಲಲ್ಲಿ ನಲ್ಲಿ ಅಷ್ಟು ಹೊತ್ತು ಓಡಿದ್ದು ಮುಖ ತೊಳೆಯುವುದಕ್ಕೆ ಮಾತ್ರವಲ್ಲ ಎಂದು ಸಾಣೆಗೆ ಗೊತ್ತಾಯಿತು. ನಿನ್ನೆಯಿಂದ ಅವನ ನಾಲಗೆಯ ತುದಿಯಲ್ಲಿ ಒಂದು ವಾಕ್ಯ ಕೂತಿತ್ತು: ನಿನ್ನ ಕಾಲು ಸರಿಯಾಗಿದೆ, ಬ್ಲೇಡಿಗೆ ನಾನು ತಪ್ಪು ಸಾಣೆ ಹಿಡಿದೆ. ಇಷ್ಟೇ. ಮಗು ಕೂಡ ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಅವನು ಎದ್ದು ಪ್ಯಾಂಟು ಹಾಕಿಕೊಂಡು, "ನಾನು ಮೊದಲೇ ಹೋಗ್ತೀನಿ, ಸ್ವಲ್ಪ ಕೆಲಸ ಇದೆ," ಎಂದು ಬಾಗಿಲು ಎಳೆದುಕೊಂಡ.

ಹೋಟೆಲಿನಿಂದ ಮೈದಾನದ ಕಟ್ಟಡಕ್ಕೆ ಎಂಟು ನಿಮಿಷದ ದಾರಿ. ಕಾರುಗಳ ಷೋರೂಮು, ಇನ್ನೂ ಬಾಗಿಲು ತೆರೆಯದ ಔಷಧದ ಅಂಗಡಿ, ಒಂದು ಪೆಟ್ರೋಲ್ ಬಂಕು. ಸ್ಕೇಟಿನ ಬ್ಲೇಡು ಚಾಕುವಿನ ಹಾಗಲ್ಲ. ಅದರ ತಳದಲ್ಲಿ ಉದ್ದಕ್ಕೂ ಒಂದು ತಗ್ಗು, ತಗ್ಗಿನ ಎರಡು ಬದಿಗೆ ಎರಡು ಅಂಚು. ತಗ್ಗು ಆಳವಾದಷ್ಟೂ ಅಂಚು ಐಸನ್ನು ಕಚ್ಚಿ ಹಿಡಿಯುತ್ತದೆ. ಓಡಿ, ತಟ್ಟನೆ ನಿಂತು, ತಿರುಗುವ ಆಟಗಾರರಿಗೆ ಅದು ಬೇಕು. ಗೋಲು ಕಾಯುವವನಿಗೆ ಬೇಡ. ಅವನು ಈ ಕಂಬದಿಂದ ಆ ಕಂಬಕ್ಕೆ ಅಡ್ಡಡ್ಡ ಜಾರಬೇಕು. ಹಾಗಾಗಿ ಆಟಗಾರರಿಗೆ ಅರ್ಧ ಇಂಚು, ಗೋಡೆಗೆ ಒಂದು ಇಂಚು. ಇದು ತಗ್ಗಿನ ಆಳವಲ್ಲ, ಅದನ್ನು ಕೊರೆಯುವ ದುಂಡಿನ ತ್ರಿಜ್ಯ; ಇಂಚು ಹೆಚ್ಚಾದಷ್ಟೂ ತಗ್ಗು ಕಡಿಮೆ. ಯಾಕೆ ಹಾಗೆ ಎಂದು ಕೇಳಿದವರಿಗೆಲ್ಲ ವಿವರಿಸಿ ಸಾಕಾಗಿ ಸಾಣೆ ಈಗೀಗ 'ಅದು ಹಾಗೇ' ಎಂದು ಸುಮ್ಮನಾಗುತ್ತಿದ್ದ. ಒಂದೊಂದು ಅಳತೆಗೂ ಸಾಣೆಕಲ್ಲಿನ ಅಂಚನ್ನು ವಜ್ರದ ಮೊನೆಯಿಂದ ಬೇರೆ ಬೇರೆಯಾಗಿ ದುಂಡು ಮಾಡಿಕೊಳ್ಳಬೇಕು. ಅದಕ್ಕೇ ಆಟದ ದಿನ ಎಲ್ಲರಿಗಿಂತ ಮೊದಲು ಗೋಡೆಯ ಸ್ಕೇಟುಗಳು, ಆಮೇಲೆ ಕಲ್ಲು ಮಾರ್ಪಡಿಸಿ ಉಳಿದವರವು. ನಿನ್ನೆ ಟೈರ್ ಅಂಗಡಿಯವನು ಬ್ಲೇಡಿನಲ್ಲಿ ಹಲ್ಲು ಬಿದ್ದಿದೆ ಎಂದು ಮೊದಲೇ ಬಂದು ತಲೆಯ ಮೇಲೆ ಕೂತ. ಕಲ್ಲನ್ನು ಅರ್ಧ ಇಂಚಿಗೆ ತಂದು ಅವನನ್ನು ಸಾಗಹಾಕುವಷ್ಟರಲ್ಲಿ ಊರಿನಿಂದ ತಂಗಿಯ ಫೋನು. ಅಣ್ಣಾ, ನಿನ್ನ ಅಡುಗೆಮನೆ ನಲ್ಲಿ ಸೋರಿ ಕೆಳಗಿನ ಮನೆಯವರ ಗೋಡೆಗೆಲ್ಲ ಇಳಿದಿದೆ, ನನಗೆ ಬಯ್ತಿದಾರೆ, ನೀರು ಬಂದ್ ಮಾಡೋದು ಎಲ್ಲಿ? ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಸಿಂಕಿನ ಕೆಳಗೆ ನೋಡು, ಅಲ್ಲ, ಇನ್ನೂ ಹಿಂದೆ, ಎನ್ನುತ್ತಿದ್ದಾಗ ಅವನ ಕೈ ತಾನಾಗಿ ಗೋಡೆಯ ಸ್ಕೇಟುಗಳನ್ನು ಎತ್ತಿ ಕಲ್ಲಿಗೆ ಕೊಟ್ಟಿತ್ತು. ನಲ್ಲಿ ನಿಂತಿತು. ಬ್ಲೇಡು ಕೆಟ್ಟಿತು.

ತಪ್ಪು ಯಾರಿಂದಲಾದರೂ ಆಗುತ್ತದೆ. ಅದನ್ನು ಅವನು ತನಗೆ ತಾನೇ ನೂರು ಸಲ ಹೇಳಿಕೊಂಡಿದ್ದ, ಅದರಿಂದ ಸಮಾಧಾನವೂ ಆಗಬಹುದಿತ್ತು, ಆ ಹದಿನೈದು ನಿಮಿಷ ಇಲ್ಲದಿದ್ದರೆ. ಐಸ್ ಹಾಕಿಯ ಒಂದು ಪಂದ್ಯದಲ್ಲಿ ಇಪ್ಪತ್ತು ನಿಮಿಷದ ಮೂರು ಆಟ, ನಡುವೆ ಹದಿನೈದು ನಿಮಿಷದ ಎರಡು ವಿರಾಮ. ಮೊದಲ ಆಟದಲ್ಲೇ, ಪಕ್ ಎಂಬ ರಬ್ಬರು ಬಿಲ್ಲೆ ಎಡಗಡೆಯಿಂದ ಬಲಗಡೆಗೆ ಬಂದಾಗ, ಗೋಡೆಯ ಮೈ ಹೋಯಿತು, ಪಾದ ಹೋಗಲಿಲ್ಲ. ಪಾದ ಐಸಿಗೆ ಸಿಕ್ಕಿಕೊಂಡದ್ದು ಬೆಂಚಿನ ಹಿಂದೆ ನಿಂತಿದ್ದ ಸಾಣೆಗೆ ತನ್ನ ಬೆರಳ ತುದಿಯಲ್ಲೇ ಗೊತ್ತಾಯಿತು. ವಿರಾಮದಲ್ಲಿ ಯಂತ್ರ ಹತ್ತು ಹೆಜ್ಜೆ ದೂರದ ಕೋಣೆಯಲ್ಲಿತ್ತು. ಸರಿಮಾಡಲು ಏಳೆಂಟು ನಿಮಿಷ ಸಾಕು. ಗೋಡೆ ತಲೆಯ ಮೇಲೆ ಟವೆಲು ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ. ವಿರಾಮದಲ್ಲಿ ಗೋಲು ಕಾಯುವವನನ್ನು ಯಾರೂ ಮಾತಾಡಿಸಬಾರದು ಎಂಬುದು ತಂಡದಲ್ಲಿ ಬೆಳೆದು ಬಂದ ರೂಢಿ. ಕೋಚ್ ಹಲಗೆಯ ಮೇಲೆ ಗೀಟು ಎಳೆಯುತ್ತಿದ್ದರು. ಇಪ್ಪತ್ತೆರಡು ಜನರ ಮುಂದೆ ಹೋಗಿ, ಸ್ಕೇಟು ಬಿಚ್ಚು, ನಾನು ಕೆಡಿಸಿದ್ದೇನೆ ಎನ್ನಬೇಕು. ಸಾಣೆ ನೀರಿನ ಬಾಟಲಿಗಳನ್ನು ತುಂಬಿದ. ತುಂಬಿದವನ್ನೇ ಮತ್ತೆ ತುಂಬಿದ. ನಡು ಆಟದಲ್ಲಿ ಹೇಳಿದರೆ ಅವನ ಧೈರ್ಯ ಕೆಡುತ್ತದೆ ಎಂದುಕೊಂಡ. ಇಷ್ಟು ಹೊತ್ತಿಗೆ ಅಭ್ಯಾಸವಾಗಿರುತ್ತದೆ ಎಂದುಕೊಂಡ. ಒಂದು ಗೋಲು ತಾನೇ ಎಂದುಕೊಂಡ. ಹದಿನೈದು ನಿಮಿಷ ಮುಗಿಯಿತು. ಎರಡನೆಯ ಹದಿನೈದು ನಿಮಿಷವೂ ಸಿಕ್ಕಿತ್ತು. ಅದನ್ನೂ ಬಾಟಲಿಗಳಿಗೇ ಸುರಿದ.

ಕಾವಲುಗಾರ ಹಿಂದಿನ ಬಾಗಿಲು ತೆರೆದುಕೊಟ್ಟ. ಖಾಲಿ ಆಸನಗಳ ನಡುವೆ ಐಸು ಬೂದು ಬಣ್ಣಕ್ಕೆ ಮಲಗಿತ್ತು, ಎಲ್ಲೋ ಒಂದು ಪಂಪು ಗುಂಯ್ ಎನ್ನುತ್ತಿತ್ತು. ಕಿಟಕಿಯಿಲ್ಲದ ಸಾಮಾನಿನ ಕೋಣೆಯಲ್ಲಿ ಒದ್ದೆ ಚರ್ಮದ, ಬೆವರಿನ, ಸುಟ್ಟ ಕಬ್ಬಿಣದ ವಾಸನೆ. ಈ ವಾಸನೆಗೆ ತಂಗಿ ಮೂಗು ಮುಚ್ಚಿಕೊಳ್ಳುತ್ತಾಳೆ. ನಿನ್ನ ಬಟ್ಟೆ ಬೇರೆ ಬಕೆಟ್‌ನಲ್ಲಿ ಹಾಕು ಅನ್ನುತ್ತಾಳೆ. ಅವನು ವಜ್ರದ ಮೊನೆಯನ್ನು ಒಂದು ಇಂಚಿಗೆ ಇಟ್ಟು, ಇಟ್ಟದ್ದನ್ನು ಮೂರು ಸಲ ನೋಡಿ, ಕಲ್ಲನ್ನು ದುಂಡು ಮಾಡಿದ. ಗೋಡೆಯ ಎಡ ಸ್ಕೇಟನ್ನು ಹಿಡಿಕೆಗೆ ಬಿಗಿದು ಹಿಮ್ಮಡಿಯಿಂದ ತುದಿಗೆ ಒಂದೇ ಸಮನೆ ಎಳೆದ. ಕಿಡಿ ಹಾರಿತು. ಆಳದ ತಗ್ಗನ್ನು ಮೇಲೆ ತರಬೇಕಾದರೆ ಎರಡೂ ಅಂಚನ್ನು ಸವೆಸುತ್ತ ಹೋಗಬೇಕು. ಇಪ್ಪತ್ತೆಂಟು ಎಳೆತ ಎಡಕ್ಕೆ, ಮೂವತ್ತು ಬಲಕ್ಕೆ. ಬ್ಲೇಡಿನ ಆಯಸ್ಸು ಅಷ್ಟು ಕಡಿಮೆಯಾಯಿತು. ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿದ: ಒಂದು ಇಂಚು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ಚೆನ್ನಾಗಿ ಅವನು ಯಾವತ್ತೂ ಹಿಡಿದಿರಲಿಲ್ಲ. ಯಾರಿಗೂ ತೋರಿಸುವಂತಿರಲಿಲ್ಲ.

ಹೇಳಿಬಿಟ್ಟರೆ ಏನಾಗುತ್ತದೆ ಎಂಬುದನ್ನು ಅವನು ಚಿಂದಿಬಟ್ಟೆಯಿಂದ ಬ್ಲೇಡು ಒರೆಸುತ್ತ ಮತ್ತೊಮ್ಮೆ ಲೆಕ್ಕ ಹಾಕಿದ. ಗೋಡೆ ಆಟ ಬಿಡುವುದಿಲ್ಲ. ಆದರೆ ಮೇಲಿನ ಮೆಟ್ಟಿಲು ಕಳೆದವನು ಯಾರೆಂದು ಅವನಿಗೆ ತಿಳಿಯುತ್ತದೆ. ಹೇಳದಿದ್ದರೆ ತಿಳಿಯುವುದಿಲ್ಲ, ಆದರೆ ಗೋಡೆ ಇವತ್ತು ಸಂಜೆಗೆ ಮುಗಿದ. ಎರಡು ಕಡೆಯಿಂದಲೂ ಅವನು ಕೈಬಿಟ್ಟು ಹೋಗುವವನೇ. ಊರಿನಲ್ಲಿ ಸಾಣೆ ದಿನವೆಲ್ಲ ಆಡುವ ಮಾತು ಎರಡು: 'ನಾಳೆ ಬನ್ನಿ', 'ಆಯ್ತು ತಗೊಳ್ಳಿ'. ರಾತ್ರಿ ರೇಡಿಯೋ. ವರ್ಷದಲ್ಲಿ ಈ ಹತ್ತು ದಿನ ಮಾತ್ರ ಪಕ್ಕದ ಮಂಚದಿಂದ ಒಬ್ಬ ಮನುಷ್ಯ, ದೀಪ ಆರಿದ ಮೇಲೂ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಮಕ್ಕಳ ಕಥೆ ಹೇಳುತ್ತಿದ್ದ, ಹೆಂಡತಿ ಬಯ್ದದ್ದನ್ನು ಹೆಂಡತಿಯ ದನಿಯಲ್ಲೇ ಹೇಳುತ್ತಿದ್ದ, 'ಕೇಳ್ತಿದ್ದೀಯೇನಣ್ಣ' ಎಂದು ನಡುನಡುವೆ ಕೇಳುತ್ತಿದ್ದ. ಹ್ಞೂಂ ಎನ್ನುವುದಷ್ಟೇ ಸಾಣೆಯ ಕೆಲಸ. ಅವನು ಹೋದರೆ ಆ ಮಂಚಕ್ಕೆ ಎರಡನೇ ಕೀಪರ್, ಗೋಡೆ ಆಡದ ದಿನ ಗೋಲು ಕಾಯುವವನು, ಬರುತ್ತಾನೆ. ಅವನ ಕಿವಿಯಲ್ಲಿ ಸದಾ ಇಯರ್‌ಫೋನು. ನನಗೆ ಗೋಡೆಯ ಕಾಲಿನ ಚಿಂತೆಯೋ, ನನ್ನ ಹತ್ತು ದಿನದ ಚಿಂತೆಯೋ ಎಂದು ಸಾಣೆ ಕೇಳಿಕೊಂಡ. ಉತ್ತರ ಗೊತ್ತಿತ್ತು. ನಾಚಿಕೆಯಾಯಿತು.

ಮಧ್ಯಾಹ್ನ ಮೂರಕ್ಕೆ ಆಟ. ನೋಡಲು ಬಂದವರು ಇನ್ನೂರು ಜನವಿದ್ದರೆ ಹೆಚ್ಚು. ಅದರಲ್ಲಿ ಅರ್ಧ ಜನ ಮುಂದಿನ ಆಟಕ್ಕೆಂದು ಬಂದು ಬೇಗ ತಲುಪಿದವರು. ಗೋಡೆ ಸ್ಕೇಟು ಕಟ್ಟಿಕೊಂಡು ಐಸಿಗಿಳಿದು, ಗೋಲಿನ ಮುಂದೆ ಎಡಕ್ಕೂ ಬಲಕ್ಕೂ ಎರಡು ಸಲ ಜಾರಿ ನೋಡಿದ. ಏನಾದರೂ ಗೊತ್ತಾಯಿತೇ ಎಂದು ಸಾಣೆ ಅವನ ಮುಖವನ್ನೇ ನೋಡಿದ. ಮುಖವಾಡದ ಹಿಂದೆ ಏನೂ ಕಾಣಲಿಲ್ಲ. ಮೊದಲ ಆಟದಲ್ಲಿ ಎದುರು ತಂಡದವರು ಹನ್ನೊಂದು ಸಲ ಹೊಡೆದರು. ಹನ್ನೊಂದನ್ನೂ ಗೋಡೆ ತಡೆದ. ಮಂಡಿಯೂರಿ ತಡೆದ, ಕೈಗವಸಿನಲ್ಲಿ ಹಿಡಿದ, ಒಮ್ಮೆ ಬಿದ್ದುಕೊಂಡೇ ಕೋಲು ಎತ್ತಿ ತಪ್ಪಿಸಿದ. ಬೆಂಚಿನವರು ಕೋಲುಗಳಿಂದ ಹಲಗೆ ಬಡಿದು ಕೂಗಿದರು. ಒಂದೊಂದು ಬಡಿತವೂ ಸಾಣೆಯ ನೆತ್ತಿಯ ಮೇಲೆ ಬಿದ್ದ ಹಾಗಾಗುತ್ತಿತ್ತು. ನೋಡು, ನೋಡು, ಕಾಲು ಹೇಗೆ ಹೋಗುತ್ತಿದೆ; ನಿನ್ನೆ ಇದೇ ಕಾಲು. ಮೂರು ಗೋಲೂ ನನ್ನವೇ. ಈ ವಿರಾಮದಲ್ಲಿ ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದ. ರೂಢಿ ಹಾಳಾಗಿ ಹೋಗಲಿ. ವಿರಾಮ ಬಂತು. ಗೋಡೆ ಮೂಲೆಯಲ್ಲಿ ಟವೆಲಿನ ಕೆಳಗೆ ಕೂತಿದ್ದ. ಸಾಣೆ ಅವನ ಮುಂದೆ ಹೋಗಿ ನಿಂತ. ಟವೆಲಿನ ಕೆಳಗಿನಿಂದ ಒಂದು ಕೈ ಬಂತು, ಬಾಟಲಿಗಾಗಿ. ಸಾಣೆ ಬಾಟಲಿ ಕೊಟ್ಟ.

ಎರಡನೆಯ ಆಟದ ಆರನೆಯ ನಿಮಿಷದಲ್ಲಿ ಪಕ್ ಎಡಗಡೆಯ ಮೂಲೆಯಿಂದ ಹೊರಟು ಗೋಲಿನ ಮುಂದೆಯೇ ಹಾದು ಬಲಗಡೆಗೆ ಬಂತು. ಅಲ್ಲೊಬ್ಬ ಕಾಯುತ್ತಿದ್ದ. ಗೋಡೆ ಹೊರಟ. ಬ್ಲೇಡು ಎಲ್ಲೂ ಸಿಕ್ಕಲಿಲ್ಲ, ಕಚ್ಚಲಿಲ್ಲ, ಎಣ್ಣೆ ಸವರಿದ ಹಾಗೆ ಜಾರಿತು. ಸಾಣೆ ಅದನ್ನು ಕಣ್ಣಾರೆ ಕಂಡ. ಬ್ಲೇಡು ಸರಿಯಾಗಿತ್ತು. ಹೊರಡಬೇಕಾದಾಗ ಗೋಡೆ ಹೊರಟಿರಲಿಲ್ಲ. ಅರ್ಧ ಕ್ಷಣ, ಅದಕ್ಕಿಂತ ಕಡಿಮೆ. ಒದೆಯಬೇಕಾದ ಕಾಲು ಒದೆಯಲು ಯೋಚಿಸಿತು. ಅವನು ಕಂಬ ಮುಟ್ಟುವಾಗ ಪಕ್ ಬಲೆಯಲ್ಲಿತ್ತು. ಐದು ನಿಮಿಷದ ಮೇಲೆ ಅದೇ ದಾರಿಯಲ್ಲಿ ಇನ್ನೊಂದು. ಅದೇ ಅರ್ಧ ಕ್ಷಣ. ಸಾಣೆಯ ಎದೆಯ ಮೇಲಿನ ಬಂಡೆ ಸರಿಯಿತು. ಹಾಗಾದರೆ ನಿನ್ನೆಯೂ ಇಷ್ಟೇ. ಒಂದು ಇಂಚು ಇದ್ದಿದ್ದರೂ ಆ ಮೂರೂ ಹೋಗುತ್ತಿದ್ದವು. ನಾನು ಕೆಡಿಸಿದ್ದು ಮೊದಲೇ ಕೆಟ್ಟಿತ್ತು. ಎರಡು ದಿನದಲ್ಲಿ ಮೊದಲ ಸಲ ಅವನಿಗೆ ಪೂರ್ತಿ ಉಸಿರು ಬಂತು.

"ಏನು ಸಾಣೆ, ನಗ್ತಾ ಇದ್ದೀಯ?" ಎಂದರು ಪಕ್ಕದಲ್ಲಿ ನಿಂತಿದ್ದ ತಂಡದ ಡಾಕ್ಟರು.

ಅವನು ನಗುತ್ತಿದ್ದ. ಬಾಯಿ ತಾನಾಗಿ ಅಗಲವಾಗಿತ್ತು. ಎದುರು ತಂಡದವರು ಐಸಿನ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು, ಗೋಡೆ ಬಲೆಯೊಳಗಿನ ಪಕ್ಕನ್ನು ಕೋಲಿನಿಂದ ಹೊರಗೆ ತಳ್ಳುತ್ತಿದ್ದ, ಇವನು ಹಲ್ಲು ಕಿರಿದು ನಿಂತಿದ್ದ. "ಇಲ್ಲ ಡಾಕ್ಟ್ರೇ, ಹಲ್ಲು ನೋವು," ಎಂದ. ಎಂಥ ಉತ್ತರ. ಡಾಕ್ಟರು ಒಂದು ಕ್ಷಣ ಅವನನ್ನು ನೋಡಿ ಐಸಿನ ಕಡೆ ತಿರುಗಿದರು. ಸಾಣೆ ತನ್ನ ಕೆನ್ನೆಯನ್ನು ನಿಜವಾಗಿಯೂ ನೋಯುತ್ತಿದೆಯೆಂಬಂತೆ ಒತ್ತಿಕೊಂಡ. ಆಟ ಮುಗಿಯುವವರೆಗೂ ಒತ್ತಿಕೊಂಡೇ ಇದ್ದ. ಒಟ್ಟು ನಾಲ್ಕು ಗೋಲು ಹೋದವು. ಕೊನೆಯಲ್ಲಿ ರೂಢಿಯಂತೆ ಎರಡೂ ತಂಡ ಸಾಲಾಗಿ ನಿಂತು ಗೆದ್ದವರ ರಾಷ್ಟ್ರಗೀತೆ ಕೇಳಿತು. ಹನ್ನೆರಡು ವರ್ಷದಲ್ಲಿ ಗೋಡೆಗೆ ಎಷ್ಟೋ ದೇಶಗಳ ಗೀತೆಗಳು ಬಾಯಿಪಾಠವಾಗಿದ್ದವು. ಮಂಚದ ಮೇಲೆ ಮಲಗಿ ಗುನುಗಿ ನಗಿಸುತ್ತಿದ್ದ. ಇವತ್ತು ತಲೆ ತಗ್ಗಿಸಿ ನಿಂತಿದ್ದ.

ಬಟ್ಟೆ ಬದಲಿಸುವ ಕೋಣೆಯಿಂದ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಹೋಗುವ ಮುಂಚೆ ಒಬ್ಬೊಬ್ಬರೂ ಗೋಡೆಯ ಹೆಗಲು ತಟ್ಟಿದರು, ಸಾವಿನ ಮನೆಯಲ್ಲಿ ತಟ್ಟುವ ಹಾಗೆ. ಅವನು ಕಾಲಿನ ದಪ್ಪ ಕಾಪುಗಳನ್ನೂ ಬಿಚ್ಚದೆ ಬೆಂಚಿನ ಮೇಲೆ ಕೂತಿದ್ದ. ಸಾಣೆ ನೆಲದ ಮೇಲಿನ ಟೇಪಿನ ಚೂರುಗಳನ್ನು ಹೆಕ್ಕುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಗೋಡೆ ಬಗ್ಗಿ ಸ್ಕೇಟಿನ ದಾರ ಬಿಚ್ಚಲು ನೋಡಿದ. ಗಂಟು ಸಡಿಲವಾಗಲಿಲ್ಲ. ಸಾಣೆ ಮುಂದೆ ಕೂತು ತಾನೇ ಬಿಚ್ಚತೊಡಗಿದ.

"ನಿನ್ನೆ ಎಲ್ಲೋ ಒಂದು ಅನುಮಾನ ಇತ್ತಣ್ಣ," ಎಂದ ಗೋಡೆ ಅವನ ತಲೆಯ ಮೇಲಿನಿಂದ. "ಒಂದು ದಿನ ಕೆಟ್ಟದಾಗಿರಬಹುದು, ನಾಳೆ ಸರಿಹೋಗುತ್ತೆ ಅಂತ. ಇವತ್ತು ಮೊದಲ ಇಪ್ಪತ್ತು ನಿಮಿಷ ಆದ್ಮೇಲೆ, ಹೋಗಿ ಕೋಚ್‌ಗೆ ಹೇಳಿಬಿಡೋಣ, ತಪ್ಪಾಯ್ತು, ಇನ್ನೂ ಆಡ್ತೀನಿ ಅಂತ, ಅಂದ್ಕೊಂಡಿದ್ದೆ." ಕಾಲಿನ ಕಾಪಿಗೆ ಒಂದು ಗುದ್ದು ಹಾಕಿದ. "ಮನೇಲಿ ಏನು ಮಾಡಲಿ ಹೇಳು. ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಈ ಹತ್ತು ದಿನಕ್ಕೆ ಅಂತ ವರ್ಷಪೂರ್ತಿ ಮೆಟ್ಟಿಲು ಹತ್ತಿ ಇಳಿದು ಸಾಯ್ತಿದ್ದೆ. ಇನ್ನು ಯಾತಕ್ಕೆ ಹತ್ತಬೇಕು?" ಅವನು ಅಳುತ್ತಿದ್ದ, ಅಡಗಿಸಲೂ ಇಲ್ಲ. ಒಂದು ಹನಿ ಸಾಣೆಯ ಮುಂಗೈ ಮೇಲೆ ಬಿತ್ತು.

ನಿನ್ನೆಯಿಂದ ನಾಲಗೆಯ ತುದಿಯಲ್ಲಿ ಕೂತಿದ್ದ ವಾಕ್ಯ, ಹೇಳಬೇಕಾದಾಗ ಹೊರಡದಿದ್ದದ್ದು, ಈಗ, ಅದು ಸುಳ್ಳಾಗಿಹೋದ ಮೇಲೆ, ಸರಾಗವಾಗಿ ಹೊರಗೆ ಬಂತು. "ನಿನ್ನ ಕಾಲು ಸರಿಯಾಗಿದೆ," ಎಂದ ಸಾಣೆ. "ಬ್ಲೇಡಿಗೆ ನಾನು ತಪ್ಪು ಸಾಣೆ ಹಿಡಿದಿದ್ದೀನಿ. ಎರಡು ದಿನಾನೂ. ನಿಂದು ಜಾರೋ ಹಾಗೆ ಇರಬೇಕು, ನಾನು ಉಳಿದವರಿಗೆ ಹಿಡಿದ ಹಾಗೇ ಕಚ್ಚೋ ಹಾಗೆ ಹಿಡಿದಿದ್ದೀನಿ."

ಗೋಡೆಯ ಅಳು ನಿಂತಿತು. "ನಿನ್ನೆ ಕಚ್ತಿತ್ತು," ಎಂದ ನಿಧಾನವಾಗಿ. "ಇವತ್ತು ಹಾಗೇನೂ..." ಅಲ್ಲಿಗೆ ನಿಲ್ಲಿಸಿದ. ಸಾಣೆ ದಾರ ಬಿಚ್ಚುವ ಕೈ ನಿಲ್ಲಿಸದೆ ಕಾದ. ಗೋಡೆಯ ಕಣ್ಣು ಎದುರಿನ ಗೋಡೆಯ ಮೇಲಿದ್ದರೂ ನೋಡುತ್ತಿದ್ದದ್ದು ಐಸನ್ನು. ಆ ಎರಡು ಗೋಲುಗಳನ್ನು ಮತ್ತೆ ಆಡುತ್ತಿದ್ದ, ತನಗೆ ಬೇಕಾದ ಹಾಗೆ. "ಹೌದು," ಎಂದ ಕೊನೆಗೆ. "ಎಡಗಾಲು ಹಿಡೀತಿತ್ತು. ಹೊರಡೋವಾಗ. ಆ ಎರಡು ಸಲಾನೂ." ಮುಖಕ್ಕೆ ರಕ್ತ ಬಂತು. "ಹಿಡೀತಿತ್ತು ಕಣಣ್ಣ, ನನಗೆ ಆವಾಗ್ಲೇ ಅನ್ನಿಸ್ತು."

"ಹಿಡಿದೇ ಹಿಡಿಯುತ್ತೆ. ಯಾರಾಗಿದ್ರೂ ಅಷ್ಟೇ."

ಗೋಡೆ ನಕ್ಕುಬಿಟ್ಟ. ಎದ್ದು ನಿಂತ, ಒಂದು ಸ್ಕೇಟು ಬಿಚ್ಚಿದ್ದು ಒಂದು ಬಿಚ್ಚದ್ದು, ಕುಂಟುತ್ತ ಎರಡು ಹೆಜ್ಜೆ ಹಾಕಿದ. ಎರಡು ದಿನದ ಮುಪ್ಪು ಅವನ ಬೆನ್ನಿನಿಂದ ಇಳಿದದ್ದು ಕಾಣುತ್ತಿತ್ತು. ಸಾಣೆಗೆ ತಾನೂ ಎದ್ದು ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಗೋಡೆ ತಿರುಗಿದ. ನಗು ಮುಖದ ಮೇಲೆ ಇನ್ನೂ ಇತ್ತು, ಆದರೆ ಅದರ ಅಡಿಯಲ್ಲಿ ಬೇರೇನೋ ಬಂದಿತ್ತು.

"ಯಾವಾಗ ಗೊತ್ತಾಯ್ತು ನಿನಗೆ?"

"ಈಗ," ಎಂದ ಸಾಣೆ. "ಮೆಷಿನ್ ಮುಚ್ಚೋವಾಗ ನೋಡ್ದೆ."

"ನಿನ್ನೆ ಗೊತ್ತಾಗ್ಲಿಲ್ವಾ?"

"ಇಲ್ಲ."

ಗೋಡೆ ತಲೆಯಾಡಿಸಿದ. "ನಾವು ಮೇಲೆ ಹೋಗಬೇಕಿತ್ತು," ಎಂದ. "ಹನ್ನೆರಡು ವರ್ಷ." ಬಯ್ಯಲಿಲ್ಲ. ಸಾಣೆ ಬಯ್ಗುಳಕ್ಕೆ ಮೈ ಬಿಗಿ ಹಿಡಿದು ಕೂತಿದ್ದ. ಅದು ಬಾರದೆ ಮೈಯನ್ನು ಸಡಿಲ ಬಿಡಲೂ ಆಗಲಿಲ್ಲ. ಗೋಡೆ ಇನ್ನೊಂದು ಸ್ಕೇಟನ್ನು ತಾನೇ ಬಿಚ್ಚಿದ, ಎರಡನ್ನೂ ಒಟ್ಟಿಗೆ ಕಟ್ಟಿ ತನ್ನ ಚೀಲದೊಳಗೆ ಹಾಕಿಕೊಂಡ. ಯಾವಾಗಲೂ ಅವನ್ನು ಸಾಣೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. "ಕೋಚ್‌ಗೆ ಹೇಳ್ಬೇಕು," ಎಂದು ಬರಿಗಾಲಲ್ಲೇ ಹೊರಟ.

ಕೋಚ್ ಕೂಗಾಡಲಿಲ್ಲ. ಬಸ್ಸಿನ ಬಾಗಿಲ ಬಳಿ, ಚೀಲಗಳನ್ನು ತುಂಬುತ್ತಿದ್ದಾಗ, ಎಲ್ಲರಿಗೂ ಕೇಳುವ ದನಿಯಲ್ಲಿ, "ನೀವು ಹಿರಿಯರು, ನಿಮಗೆ ನಾನು ಏನೂ ಹೇಳಲ್ಲ," ಎಂದರು. ಹನ್ನೆರಡು ವರ್ಷದಿಂದ ಅವನನ್ನು 'ನೀನು, ಲೋ ಸಾಣೆ' ಎಂದು ಕರೆದ ಬಾಯಿ. ಆ 'ನೀವು' ಮುಖಕ್ಕೆ ಹೊಡೆದಂತೆ ಬಿತ್ತು. ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ, "ಹಲ್ಲು ನೋವು," ಎಂದರು. ಟೈರ್ ಅಂಗಡಿಯವನು, ನಿನ್ನೆ ತಲೆಯ ಮೇಲೆ ಕೂತು ಅವಸರ ಮಾಡಿದವನು, ತನ್ನ ಸ್ಕೇಟಿನ ಬ್ಲೇಡಿನ ಮೇಲೆ ಬೆರಳಾಡಿಸಿ, "ನಂದೂ ಏನೋ ಒಂಥರಾ ಇತ್ತು," ಎಂದ. ಆಂಬುಲೆನ್ಸಿನವನಿಗೂ ಒಂಥರಾ ಇತ್ತಂತೆ. ಮೇಷ್ಟ್ರಿಗೆ ಮೊದಲ ದಿನದಿಂದಲೇ ಇತ್ತಂತೆ. ಐದು ನಿಮಿಷದಲ್ಲಿ ತಂಡದ ಹನ್ನೆರಡು ವರ್ಷಕ್ಕೆ ಒಂದು ಕಾರಣ ಸಿಕ್ಕಿತು. ಸಾಣೆ ತನ್ನ ಯಂತ್ರದ ಪೆಟ್ಟಿಗೆಯನ್ನು ತಾನೇ ಎತ್ತಿ ಬಸ್ಸಿನ ಹೊಟ್ಟೆಗೆ ತಳ್ಳಿದ. ನಲವತ್ತು ಕಿಲೋ. ಪ್ರತಿ ಸಲ ಇಬ್ಬರು ಕೈ ಕೊಡುತ್ತಿದ್ದರು.

ವಿಮಾನ ನಿಲ್ದಾಣಕ್ಕೆ ಎರಡು ಗಂಟೆಯ ದಾರಿ. ಅವನು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತ. ಪಕ್ಕದ ಸೀಟಿಗೆ ಯಾರೂ ಬರಲಿಲ್ಲ, ಅವನು ಜಾಕೆಟ್ಟನ್ನು ಅಲ್ಲಿಟ್ಟು, ಯಾರಾದರೂ ಬಂದಾರೆಂದು ಮತ್ತೆ ತೊಡೆಯ ಮೇಲೆ ತೆಗೆದಿಟ್ಟುಕೊಂಡ. ಹೊರಗೆ ಗೋದಾಮುಗಳು, ಅರ್ಧ ಕಟ್ಟಿದ ಸೇತುವೆ, ಇಸ್ತ್ರಿ ಮಾಡಿದ ಹಾಗಿದ್ದ ಬಯಲು ಹಿಂದೆ ಹೋಗುತ್ತಿದ್ದವು. ಹಿಂದಿನ ಸೀಟ್‌ಗಳಿಂದ ಗೋಡೆಯ ದನಿ ಕೇಳುತ್ತಿತ್ತು, ಹೆಂಡತಿಗೆ ಫೋನು: "ಇಲ್ಲ ಕಣೇ, ಬಿಡಲ್ಲ. ಕಾಲಿಗೇನಾಗಿದೆ, ಕಲ್ಲಿನ ಹಾಗಿದೆ. ಇನ್ನೂ ಎರಡು ವರ್ಷ. ಬಯ್ಕೋ, ಬಯ್ಕೋ, ಬಂದ್ಮೇಲೆ ಕೇಳ್ತೀನಿ." ಎಲ್ಲರೂ ನಕ್ಕರು. ಸಾಣೆಗೂ ನಗು ಬಂತು. ಇವತ್ತು ತಾನು ಮಾಡದ ತಪ್ಪನ್ನು ಒಪ್ಪಿಕೊಂಡಿದ್ದ, ನಿನ್ನೆ ಗೊತ್ತಿದ್ದೂ ಬಾಯಿ ಬಿಡದಿದ್ದದ್ದನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ, ಒಂದೇ ಒಂದು ಸಲ ಕೇಳಿದಾಗ, ಇಲ್ಲ ಎಂದಿದ್ದ. ಆ ಹದಿನೈದು ನಿಮಿಷ ಅವನ ಹತ್ತಿರವೇ ಉಳಿಯಿತು, ಅದು ಇನ್ನೆಲ್ಲಿಗೂ ಹೋಗುವ ಹಾಗಿರಲಿಲ್ಲ. ಆದರೂ ಹಿಂದಿನಿಂದ ಬರುತ್ತಿದ್ದ ಆ ದನಿ ಬೆಳಗ್ಗಿನ ದನಿಯಲ್ಲ. ಮುಂದಿನ ವರ್ಷವೂ ಪಕ್ಕದ ಮಂಚದಲ್ಲಿ ಅದು ಇರುತ್ತದೆ, ದೀಪ ಆರಿದ ಮೇಲೆ ಇವತ್ತಿನದನ್ನೇ ಹೇಳಿ ನಗಿಸುತ್ತದೆ ಎಂದುಕೊಂಡು ಅವನು ಕಿಟಕಿಗೆ ತಲೆ ಒರಗಿಸಿದ.

ಯಾರೋ ಬಂದು ಪಕ್ಕದಲ್ಲಿ ಕೂತರು. ಗೋಡೆ. ಬಸ್ಸಿನ ಕುಲುಕಾಟಕ್ಕೆ ಮುಂದಿನ ಕಂಬಿ ಹಿಡಿದುಕೊಂಡು, ಪೂರ್ತಿ ಕೂರದೆ ಸೀಟಿನ ಅಂಚಿನಲ್ಲಿ ಕೂತಿದ್ದ.

"ಬೇಜಾರು ಮಾಡ್ಕೋಬೇಡ ಸಾಣೆಯಣ್ಣ," ಎಂದ.

"ನನಗೇನು ಬೇಜಾರು."

"ಅಲ್ಲ, ಹುಡುಗರು ಬಾಯಿಗೆ ಬಂದದ್ದು ಮಾತಾಡ್ತಾರೆ. ನನಗೆ ನಿನ್ನ ಮೇಲೆ ಏನೂ ಇಲ್ಲ, ದೇವರಾಣೆಗೂ ಇಲ್ಲ." ಕಂಬಿಯ ಮೇಲಿನ ರಬ್ಬರನ್ನು ಉಗುರಿನಿಂದ ಕೆರೆದ. "ಆದ್ರೆ ಇನ್ನು ಎರಡೇ ವರ್ಷ ನನಗೆ ಇರೋದು. ನಮ್ಮೂರಲ್ಲೇ ಒಬ್ಬ ಇದಾನೆ, ಹೊಸ ಮೆಷಿನ್ ಇಟ್ಟಿದಾನೆ. ನನ್ನ ಸ್ಕೇಟನ್ನ ಅವನ ಹತ್ರ ಮಾಡಿಸ್ಕೊಂಡು ಬರ್ತೀನಿ. ಇಲ್ಲಿ ಬಂದ್ಮೇಲೆ ಮುಟ್ಟೋದೇ ಬೇಡ."

"ಹಾಗೇ ಮಾಡು," ಎಂದ ಸಾಣೆ. "ಒಳ್ಳೇದು."

"ಮತ್ತೆ ರೂಮು... ಎರಡನೇ ಕೀಪರ್ ಜೊತೆ ಇದ್ರೆ ಅವನಿಗೂ ನಾಲ್ಕು ವಿಷಯ ಹೇಳಿಕೊಡಬಹುದು ಅಂತ ಕೋಚ್ ಅಂತಿದ್ರು."

"ಸರಿಯಾಗೇ ಹೇಳಿದಾರೆ."

ಗೋಡೆ ಎದ್ದ. ಎರಡು ಹೆಜ್ಜೆ ಹೋಗಿ, ಏನೋ ನೆನಪಾದವನಂತೆ ಹಿಂದೆ ಬಂದು ಅವನ ಕಿವಿಯ ಹತ್ತಿರ ಬಗ್ಗಿದ. "ಅಣ್ಣ, ಅವನಿಗೆ ಎಷ್ಟು ಅಂತ ಹೇಳ್ಬೇಕು? ಅಳತೆ?"

"ಒಂದು ಇಂಚು," ಎಂದ ಸಾಣೆ.

"ಒಂದು ಇಂಚು," ಎಂದು ಗೋಡೆ ಎರಡು ಸಲ ಬಾಯಿಯಲ್ಲೇ ಹೇಳಿಕೊಂಡು, ಸೀಟುಗಳನ್ನು ಹಿಡಿಯುತ್ತ ಹಿಂದಕ್ಕೆ ಹೋದ. ಹನ್ನೆರಡು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಇದೇ ಮೊದಲು.